ಕೊಟ್ಟೂರಿನಲ್ಲಿ ಹಗ್ಗ ತೋರಿಸಬಾರದು

ನಮ್ಮ ಹರಪನಹಳ್ಳಿ 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆ ಜಿಲ್ಲೆ ಸೇರಿತು, ಮತ್ತೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರದ ಪಾಲಾಯಿತು. ಊರೇ ಇಷ್ಟು ಓಡಾಡಿದರೂ ಕದಲದೆ ನಿಂತಿದ್ದು ಅಪ್ಪನ ಅಂಬಾಸಿಡರ್ ಒಂದೇ. ಉತ್ಪ್ರೇಕ್ಷೆಯಲ್ಲ, ಎಷ್ಟೋ ಸಲ ಬ್ಯಾಟರಿ ಇಳಿದಿರುತ್ತಿತ್ತು. ಉತ್ತರಪಾರಾದ ಕಾರ್ಖಾನೆಯೇ 2014ರಲ್ಲಿ ಕೈಬಿಟ್ಟ ಗಾಡಿಯನ್ನು ನಾನಿನ್ನೂ ಒರೆಸಿಕೊಂಡು ಕೂತಿದ್ದೇನೆಂದು ಭಾವಮೈದುನನ ದೂರು. ಬಂದಾಗಲೆಲ್ಲ ಗುಜರಿ ರೇಟು ಹೇಳುತ್ತಾನೆ. ಇವನನ್ನು ಕೇಳಿದವರು ಯಾರು?

ಅದೇ ಗಾಡಿಯಲ್ಲಿ ಹೋಗುವಾಗ ಕೂಡ್ಲಿಗಿ ರಸ್ತೆಯಲ್ಲಿ ಮುಂದಿನ ಲಾರಿಯ ಗಾಲಿಯಿಂದ ಒಂದು ಕಲ್ಲು ಸಿಡಿದು ಎದುರಿನ ಗ್ಲಾಸಿಗೆ ಬಡಿಯಿತು. ಈಗಿನ ಲ್ಯಾಮಿನೇಟೆಡ್ ಗ್ಲಾಸು ಒಡೆದರೂ ನಡುವಿನ ಪದರಕ್ಕೆ ಅಂಟಿಕೊಂಡು ಮಾನ ಉಳಿಸುತ್ತದೆ. ನಮ್ಮದು ಹಳೆಯ ಟಫನ್ಡ್. ಬೆಳ್ಳಗಾಯಿತು ಅನ್ನುವಷ್ಟರಲ್ಲಿ ಕಲ್ಲುಸಕ್ಕರೆಯಾಗಿ ಮಡಿಲಿಗೆ ಸುರಿಯಿತು. ಕೊಟ್ಟೂರಿನವರೆಗೂ ಗಾಳಿ, ಧೂಳು, ಹುಳ ಎಲ್ಲ ನೇರ ಬಾಯಿಗೇ. ಹೆಂಡತಿ ತಲೆತುಂಬ ಸೆರಗು ಹೊದ್ದು, "ಎಸಿ ಚಲೋ ಐತಿ" ಅಂದಳು.

ಬೇರೆ ಗ್ಲಾಸು ಹಡಗಲಿಯಲ್ಲಿಲ್ಲ, ಹಗರಿಬೊಮ್ಮನಹಳ್ಳಿಯಲ್ಲಿಲ್ಲ. ಸಿಕ್ಕಿದ್ದು ದಾವಣಗೆರೆಯ ಗುಜರಿಯಲ್ಲಿ. ಭಾವಮೈದುನನಿಗೆ ಹೇಳಿಲ್ಲ.

ಕೊಟ್ಟೂರಿನ ಮೇಸ್ತ್ರಿ ಹಳೆ ರಬ್ಬರ್ ಕಿತ್ತಾಗ ಅದರಡಿಯ ತಗಡಿನಂಚಿನಲ್ಲಿ ಕೆಂಪುಪುಡಿ ಗಟ್ಟಿಕಟ್ಟಿ ಕೂತಿತ್ತು. "ತುಕ್ಕು" ಅಂದವರು, ಉಗುರಿನಿಂದ ಕೆರೆದು ಮೂಸಿ ಸುಮ್ಮನಾದರು. ಕುಂಕುಮವೂ ಇತ್ತು. ವರ್ಷವರ್ಷ ಆಯುಧಪೂಜೆಗೆ ಅಪ್ಪ ಗ್ಲಾಸಿಗೆ ಹಚ್ಚಿದ್ದು, ಗಾಡಿ ತೊಳೆದಾಗ ಇಳಿದು ಅಲ್ಲಿ ಸೇರಿಕೊಂಡಿತ್ತು. ತುಕ್ಕು ಎಲ್ಲಿ ಮುಗಿದು ಅಪ್ಪ ಎಲ್ಲಿ ಶುರುವಾಗುತ್ತಾನೋ ತಿಳಿಯುವಂತಿರಲಿಲ್ಲ. "ಉಜ್ಜಲೇನ್ರಿ?" ಎಮರಿ ಪೇಪರ್ ಹಿಡಿದು ಕೇಳಿದರು. ನಾನು ಚಾ ಹೇಳಲು ಆಚೆ ಹೋದೆ.

ಬರುವಷ್ಟರಲ್ಲಿ ಹೊಸ ರಬ್ಬರು ಗ್ಲಾಸಿನ ಸುತ್ತ ಕೂತಿತ್ತು. ಇನ್ನು ರಬ್ಬರಿನ ಹೊರಂಚಿನ ತೋಡಿನಲ್ಲಿ ನೈಲಾನ್ ಹಗ್ಗ ತೂರಿಸಿ, ಸೋಪಿನ ನೀರು ಬಳಿದು, ಗ್ಲಾಸನ್ನು ಚೌಕಟ್ಟಿಗೆ ಒತ್ತಬೇಕು. ಒಳಗೆ ಕೂತವರು ಹಗ್ಗದ ತುದಿ ಹಿಡಿದು ಮೆಲ್ಲಗೆ ಜಗ್ಗಿದರೆ ರಬ್ಬರಿನ ತುಟಿ ತಗಡನ್ನು ದಾಟಿ ಒಳಕ್ಕೆ ಮಗುಚಿಕೊಳ್ಳುತ್ತದೆ. ಎರಡು ಬೆರಳಿನ ಕೆಲಸ. ಆದರೆ ಊರು ಕೊಟ್ಟೂರು. ಮಾಘದಲ್ಲಿ ಗುರು ಕೊಟ್ಟೂರೇಶ್ವರನ ತೇರೆಳೆಯುವ ಕೈಗಳಿಗೆ ಉಳಿದ ತಿಂಗಳಲ್ಲಿ ಹಗ್ಗ ಕಂಡರೆ ಏನಾಗಬೇಡ! ಟೀ ಅಂಗಡಿಯವನು ಬಂದ, ಪಂಕ್ಚರ್ ಹುಡುಗರು ಬಂದರು, ಮಂಡಕ್ಕಿ ಪೊಟ್ಟಣದ ಸಮೇತ ಒಬ್ಬ ಹಿರಿಯರು ಬಂದು ಬಾನೆಟ್ಟಿನ ಮುಂದೆ ನಿಂತು ಉಸ್ತುವಾರಿ ವಹಿಸಿಕೊಂಡರು. "ಬಲಕ್ಕ ಜಗ್ಗಲೇ! ಏ, ಎಡಕ್ಕ ಹೊಳ್ಳಾಕತ್ತೈತಿ!" ಹಗ್ಗದ ತುದಿ ಕಿಟಕಿಯಿಂದ ಹೊರಬಂದು ಯಾರ್‍ಯಾರ ಕೈಗೋ ಹೋಯಿತು. ಕೊಟ್ಟೂರು ದೊರೆಗೆ ಸರಿಸಮ ಯಾರೂ ಇಲ್ಲವೆಂಬ, ಇದ್ದಾರೆಂದವರ ಹಲ್ಲು ಮುರಿಯಲೆಂಬ ಆ ಜಯಘೋಷವೂ ಎದ್ದಿತು. ನನಗೆ ಚಿಂತೆ ಹಲ್ಲಿನದಲ್ಲ. ಗ್ಲಾಸು ಕಿರ್ರೆಂದಿತು. ಮೇಸ್ತ್ರಿ ಒಳಗಿನಿಂದ "ತೇರಲ್ರೋ, ಕಾರು!" ಎಂದು ಕೂಗುತ್ತಿದ್ದರೂ ಜನ ಎಳೆಯುತ್ತಲೇ ಇದ್ದರು. ಹೇಳಬಾರದು, ಆ ಹೊತ್ತಿಗೆ ನಾನೂ ಹಗ್ಗಕ್ಕೆ ಕೈಹಾಕಿದ್ದೆ.

ಪಟ್ ಎಂದು ರಬ್ಬರು ಕೂತಿತು. ಹಿರಿಯರು ಎಲ್ಲರ ಪರವಾಗಿ ನಮಸ್ಕಾರ ಸ್ವೀಕರಿಸಿ, ಮಂಡಕ್ಕಿ ಮುಂದುವರಿಸಿದರು.

ಮೇಸ್ತ್ರಿ ನನ್ನನ್ನು ಒಳಗೆ ಕೂರಿಸಿ, ಪರೀಕ್ಷೆಗೆಂದು ಮೇಲಿನಿಂದ ಒಂದು ಕೊಡ ನೀರು ಸುರಿದರು. ಬಲಮೂಲೆಯಿಂದ ಹನಿಯೊಂದು ಇಳಿದು ಸರಿಯಾಗಿ ಎಕ್ಸಲರೇಟರ್ ಮೇಲಿದ್ದ ನನ್ನ ಕಾಲಿಗೆ ಬಿತ್ತು.

"ಸೋರ್ತದಲ್ರಿ!"

ಮೇಸ್ತ್ರಿ ಆಕಾಶ ನೋಡಿದರು. "ನಮ್ಮ ಕಡೆ ಮಳೆ ಎಲ್ಲೈತ್ರಿ ಯಜಮಾನ್ರ?"