36ನೇ ಹಲ್ಲು

ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರಿಗೆ ಬರವಿಲ್ಲ. ಆದರೂ ನಾವು ಹೋಗುವುದು ಬೀದಿ ಮೂಲೆಯ ನಮ್ಮ ಡಾಕ್ಟ್ರ ಹತ್ತಿರವೇ. ಕೈ ಬಹಳ ಹಗುರ. ಹಲ್ಲು ಕಿತ್ತದ್ದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಅದಕ್ಕೆ ಮುಂಚಿನ ಬರವಣಿಗೆ.

ಕಳೆದ ತಿಂಗಳು ದವಡೆ ಹಿಡಿದುಕೊಂಡು ಹೋದೆ. ಬಾಯೊಳಗೆ ಪುಟ್ಟ ಕನ್ನಡಿ ಇಟ್ಟು ನೋಡಿದವರೇ ನರ್ಸಮ್ಮನಿಗೆ ಕೂಗಿ ಹೇಳಿದರು: "36, ಆಳದ ಹುಳುಕು, ಬರ್ಕೊಳಮ್ಮ." ನನ್ನ ಎದೆ ಧಸಕ್ಕೆಂದಿತು. ಬಾಯಿ ತುಂಬಿದರೂ 32; ಈ 36 ಯಾರ ಹಲ್ಲು?

"ಸರ್ವೆ ನಂಬರ್ ಇದ್ದಂಗೆ ಸಾರ್" ಎಂದರು. "ಬಾಯನ್ನ ನಾಲ್ಕು ಪಾಲು ಮಾಡಿದ್ರೆ ಎಡಗಡೆ ಕೆಳಗಿಂದು ಮೂರನೇದು. ಅದ್ರಲ್ಲಿ ನಡುವಿಂದ ಎಣಿಸ್ಕೊಂಡು ಬಂದ್ರೆ ಆರನೇ ಹಲ್ಲು. ನಂಬರ್ ತಪ್ಪಿ ಬರದ್ರೆ ಪಕ್ಕದವರ ಹೊಲ ಉತ್ತಂಗೆ." ಆಮೇಲೆ ಬಿಪಿ, ಶುಗರು, ರಕ್ತ ತೆಳುವಾಗುವ ಮಾತ್ರೆ, ಹಿಂದೆ ಯಾವುದಾದರೂ ಔಷಧ ಒಗ್ಗದೇ ಹೋದದ್ದು ಎಲ್ಲ ಕೇಳಿ ಬರೆದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಹೊರಟರೆ ಕೈ ಹಿಡಿದರು: "ಓದಿ ಸಾರ್, ಓದದೆ ಹಾಕಬಾರದು." ಮದುವೆ ಮಾಡಿಕೊಳ್ಳುವಾಗಲೂ ನನಗೆ ಯಾರೂ ಇಷ್ಟು ಎಚ್ಚರಿಕೆ ಹೇಳಿರಲಿಲ್ಲ.

ತುಟಿ ಮರಗಟ್ಟಲೆಂದು ಇಂಜೆಕ್ಷನ್ ಕೊಟ್ಟು ಹೊರಗೆ ಕೂರಿಸಿದರು. ಎದುರು ಗೋಡೆಯಲ್ಲಿ ಲಕ್ಷ್ಮಿಯ ಪಟ, ಪಕ್ಕದಲ್ಲಿ ಖಾಸಗಿ ಆಸ್ಪತ್ರೆ-ಕ್ಲಿನಿಕ್ಕುಗಳಿಗೆ ಬೇಕಾದ ಕೆಪಿಎಂಇ ನೋಂದಣಿ, ದರಪಟ್ಟಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಎಕ್ಸ್‌ರೇ ಯಂತ್ರಕ್ಕೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಪತ್ರ. "ಕೈಗಾ ಸ್ಥಾವರ ನೋಡೋರೇ ನನ್ನನ್ನೂ ನೋಡೋದು" ಎಂದು ಡಾಕ್ಟ್ರು ಬಂದವರಿಗೆಲ್ಲ ಹೇಳುತ್ತಾರೆ. ಬೆಳಿಗ್ಗೆ ಲಕ್ಷ್ಮಿಗೆ ಒಂದು ಊದುಕಡ್ಡಿಯಾದರೆ ಈ ಸಾಲಿಗೆ ಎರಡು.

ಅವರ ನಿಜವಾದ ಸಂಸಾರ ಇರುವುದು ಬಣ್ಣದ ಡಬ್ಬಗಳ ಜೊತೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮ ಅವರಿಗೆ ಬಾಯಿಪಾಠ. ರಕ್ತದ ಹತ್ತಿ ಹಳದಿಗೆ, ಕೈಗವಸು ಕೆಂಪಿಗೆ, ಸೂಜಿ ಬಿಳಿಗೆ, ಗಾಜು ನೀಲಿಗೆ. ಸಂಜೆ ಒಂದೊಂದನ್ನೂ ತೂಗಿ, ಗ್ರಾಂ ಲೆಕ್ಕದಲ್ಲಿ ಬರೆಯಬೇಕು. 48 ಗಂಟೆಯೊಳಗೆ ಗಾಡಿ ಬಾರದಿದ್ದರೆ ಅವರಿಗೆ ಊಟ ಸೇರದು. ಮನೆಯಲ್ಲಿ ಒಮ್ಮೆ ಕರಿಬೇವಿನ ಕಡ್ಡಿ ಯಾವ ಬಣ್ಣಕ್ಕೆ ಎಂದು ತಿಳಿಯದೆ ತಟ್ಟೆ ಹಿಡಿದು ನಿಂತಿದ್ದರಂತೆ.

ಇಷ್ಟೆಲ್ಲ ತಪಾಸಣೆಯ ಭಯದಿಂದ ಎಂದುಕೊಂಡಿದ್ದೆ. ಅಲ್ಲ. ಹೋದ ವರ್ಷ ತಪಾಸಣೆಗೆ ಬಂದವರು ಕಾಫಿ ಕುಡಿದು, ಮೊದಲ ರಿಜಿಸ್ಟರಿನ ಮೊದಲ ಪುಟ ನೋಡಿ ಎದ್ದು ಹೋದರು. ಡಾಕ್ಟ್ರು ಎರಡು ದಿನ ಮಂಕಾಗಿದ್ದರು. "ನಾಲ್ಕನೇದು ತೆಗೀಲೇ ಇಲ್ಲ ಸಾರ್." ಹೆಣ್ಣು ನೋಡಲು ಬಂದವರು ಹಾಡು ಕೇಳದೆ ಎದ್ದು ಹೋದಂಥ ಸಂಕಟ.

ನನ್ನ ತುಟಿ ಇನ್ನೂ ಮರಗಟ್ಟುತ್ತಿದ್ದಾಗಲೇ ಒಳಗೆ ಗದ್ದಲ. ಹುಡುಗನೊಬ್ಬನ ಹಾಲುಹಲ್ಲು ಕಿತ್ತಿದ್ದರು. ಜೊತೆಗೆ ಬಂದ ಅಜ್ಜಿ ಕೈಚಾಚಿ ನಿಂತಿದ್ದಳು.

"ಹಲ್ಲು ಕೊಡ್ರಿ. ಸಗಣ್ಯಾಗ ಇಟ್ಟು ಮಾಳಿಗಿ ಮ್ಯಾಲೆ ಒಗಿಬೇಕು."

"ಅದು ಹಳದಿ ಚೀಲಕ್ಕೆ ಹೋಗ್ಬೇಕು ಅಜ್ಜಿ, ರೂಲ್ಸು."

"ಹಳದಿ ಚೀಲಕ್ಕ ಹಾಕಿದ್ರ ಹೊಸ ಹಲ್ಲು ಹಳದಿ ಬರ್ತಾವು!"

ಡಾಕ್ಟ್ರು ಗೋಡೆ ನೋಡಿದರು, ಅಜ್ಜಿಯನ್ನು ನೋಡಿದರು, ಹಲ್ಲನ್ನು ನೋಡಿದರು. ಕೊನೆಗೆ ರಿಜಿಸ್ಟರು ಎಳೆದುಕೊಂಡು, "ಹಾಲುಹಲ್ಲು, ಒಂದು, ಅಜ್ಜಿಯ ವಶಕ್ಕೆ" ಎಂದು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಒಂದು ಕಾಲಂ ಖಾಲಿ ಉಳಿದಿತ್ತು: ವಿಲೇವಾರಿ ಮಾಡಿದ ವಿಧಾನ. ಪೆನ್ನು ಕಚ್ಚಿಕೊಂಡು ಯೋಚಿಸಿ, ಅದರಲ್ಲಿ ದುಂಡಗೆ ತುಂಬಿದರು: "ಮಾಳಿಗೆ."