ಐದು ಅಂಕದ ರಾಯರು

ಪ್ರತಿ ಇಂಜಿನಿಯರಿಂಗ್ ಕಾಲೇಜಿನ ಸರ್ವರ್ ರೂಮಿನಲ್ಲೂ ಇಂಥ ಒಬ್ಬ ರಾಯರು ಇದ್ದೇ ಇರುತ್ತಾರೆ. ಅಲ್ಲಿ ಏಸಿ ಇರುವುದು ಯಂತ್ರಗಳಿಗೆ, ಹಾಗಾಗಿ ಏಪ್ರಿಲ್‌ನಲ್ಲೂ ರಾಯರಿಗೆ ಸ್ವೆಟರ್. ಪ್ರಿಂಟರ್ ಕೆಟ್ಟರೂ ಅವರನ್ನೇ ಕರೆಯುತ್ತಾರೆ, ಪ್ರೊಜೆಕ್ಟರ್ ಕೆಟ್ಟರೂ ಅವರನ್ನೇ. ಆದರೆ ಅವರ ಜೀವವೆಲ್ಲ ಮೇಲ್ ಸರ್ವರ್‌ನಲ್ಲಿದೆ.

ಅಲ್ಲಿ ಸ್ಪ್ಯಾಮ್‌ಅಸ್ಯಾಸಿನ್ ಎಂಬ ತಂತ್ರಾಂಶ ಒಳಬರುವ ಪ್ರತಿ ಪತ್ರಕ್ಕೂ ಅಂಕ ಹಾಕುತ್ತದೆ. 5 ಮುಟ್ಟಿದರೆ ಸ್ಪ್ಯಾಮ್. ಇಡೀ ಕಾಲೇಜಿನಲ್ಲಿ ಹೆಚ್ಚು ಅಂಕ ತೆಗೆದವರು ಫೇಲಾಗುವುದು ಇಲ್ಲೊಂದೇ ಕಡೆ. ಆ 5 ಬೇಡವೆಂದರೆ ಅವರವರ ಮಿತಿ ಅವರವರೇ ಹಾಕಿಕೊಳ್ಳಲು ರಾಯರು ಒಂದು ಡೇಟಾಬೇಸ್ ಕೋಷ್ಟಕ ಮಾಡಿಟ್ಟಿದ್ದಾರೆ. ಜನರ ಸ್ವಭಾವವನ್ನು ಅವರು ಓದುವುದು ಅದರಲ್ಲೇ. "ಪ್ರಿನ್ಸಿಪಾಲರದು 10 ಸಾರ್. 'ಘನ ವಿದ್ವಾಂಸರೇ' ಅಂತ ಕರೆಯೋ ಒಂದು ಜರ್ನಲ್ಲೂ ತಪ್ಪಿಹೋಗಬಾರದು ಅವರಿಗೆ. ಅಕೌಂಟ್ಸ್ ಮೇಡಂ 2. ಅವರ ಬ್ಯಾಂಕಿನ ಸ್ಟೇಟ್‌ಮೆಂಟೇ ಸ್ಪ್ಯಾಮ್‌ನಲ್ಲಿ ಕೊಳೀತಿದೆ, ಆದ್ರೂ ನೆಮ್ಮದಿಯಾಗಿದ್ದಾರೆ!"

ಮೆಕ್ಯಾನಿಕಲ್ ವಿಭಾಗದ ಹಿರಿಯರೊಬ್ಬರು ಬಂದ ಮೀಟಿಂಗ್ ನೋಟಿಸನ್ನೆಲ್ಲ ಸ್ಪ್ಯಾಮ್ ಎಂದು ಒತ್ತುತ್ತ ಹೋದರು. ಹೀಗೆ ಒತ್ತಿದ್ದನ್ನು ನೋಡಿ ಕಲಿಯುವ, ಈ ತಂತ್ರಾಂಶದ ಬೇಯ್ಸ್ ಎಂಬ ಭಾಗ 200 ಕೆಟ್ಟ ಪತ್ರ, 200 ಒಳ್ಳೆಯ ಪತ್ರ ನೋಡುವವರೆಗೆ ಬಾಯಿ ಬಿಡುವುದಿಲ್ಲ. ಆಮೇಲೆ ಸುಮ್ಮನಿರುವುದೂ ಇಲ್ಲ. ಆಗ ಎಲ್ಲರಿಗೂ ಸೇರಿ ಒಂದೇ ಬೇಯ್ಸ್ ಇತ್ತು. ಒಂದು ಸೆಮಿಸ್ಟರ್ ಕಾಲೇಜಿನಲ್ಲಿ ಮೀಟಿಂಗಿಗೆ ಯಾರೂ ಬರಲಿಲ್ಲ. ಕೆಲಸಗಳು ಮಾತ್ರ ಚೆನ್ನಾಗಿ ನಡೆದವು. ಅಲ್ಲಿಂದೀಚೆಗೆ ಅವರವರ ಪಾಠ ಅವರವರಿಗೇ.

ರಾಯರ ನಿಜವಾದ ತಲೆನೋವು ಒಂದೇ ಪತ್ರ ಐವತ್ತು ಜನಕ್ಕೆ ಬಂದಾಗ. ಬಾಗಿಲಲ್ಲೇ ತಿರಸ್ಕರಿಸೋಣವೆಂದರೆ, ಪತ್ರ ಸಾಗಿಸುವ ಪದ್ಧತಿಯಾದ ಎಸ್‌ಎಂಟಿಪಿ ಇಡೀ ಪತ್ರಕ್ಕೆ ಒಂದೇ ಉತ್ತರ ಕೊಡಬಲ್ಲದು: ಎಲ್ಲರಿಗೂ ಹೂಂ, ಇಲ್ಲವೇ ಎಲ್ಲರಿಗೂ ಊಹೂಂ. ಯಾರ ಮಿತಿ ನೋಡುವುದು, ಪ್ರಿನ್ಸಿಪಾಲರದೋ ಮೇಡಮ್ಮರದೋ? "ಹುಳಿ ಕೊಪ್ಪರಿಗೆಗೆ ಉಪ್ಪು ಒಂದೇ ಸಲ ಬೀಳೋದು ಸಾರ್. ಬೀಪಿ ಇದ್ದೋರ್ದು ಎಲೆ ಹತ್ರಾನೇ ನೋಡ್ಕೋಬೇಕು." ಅದಕ್ಕೇ ಎಲ್ಲವನ್ನೂ ಒಳಗೆ ಬಿಟ್ಟುಕೊಂಡು, ಹಂಚುವಾಗ ಒಬ್ಬೊಬ್ಬರ ಹೆಸರಿನಲ್ಲೂ ಬೇರೆಬೇರೆಯಾಗಿ ಅಳೆಯುತ್ತಾರೆ. ಐವತ್ತು ಜನಕ್ಕೆ ಐವತ್ತು ಸಲ. ಸರ್ವರ್ ಏದುಸಿರು ಬಿಡುತ್ತದೆ, ರಾಯರು ಸ್ವೆಟರಿನ ಗುಂಡಿ ಹಾಕಿಕೊಂಡು ಏಸಿ ಇನ್ನೆರಡು ಡಿಗ್ರಿ ಇಳಿಸುತ್ತಾರೆ.

ಮೊನ್ನೆ ಪ್ರಿನ್ಸಿಪಾಲರ ಅಪ್ಪಣೆಯಾಯಿತು: ತಮ್ಮ ಸುತ್ತೋಲೆ ಯಾರ ಸ್ಪ್ಯಾಮಿಗೂ ಬೀಳಕೂಡದು. ರಾಯರು ಕೋಷ್ಟಕದ ಗ್ಲೋಬಲ್ ಸಾಲಿನಲ್ಲಿ ಅವರ ವಿಳಾಸವನ್ನು ವೈಟ್‌ಲಿಸ್ಟ್ ಮಾಡಿದರು. ಅದಕ್ಕೆ ಮೈನಸ್ 100 ಅಂಕ. ಆದರೆ ಸಿಬ್ಬಂದಿಯಲ್ಲಿ ಬಹಳ ಜನ ತಂತಮ್ಮ ಸಾಲಿನಲ್ಲಿ ಅದೇ ವಿಳಾಸವನ್ನು ಯಾವತ್ತೋ ಬ್ಲ್ಯಾಕ್‌ಲಿಸ್ಟ್ ಮಾಡಿಟ್ಟಿದ್ದರು. ಅದಕ್ಕೆ ಪ್ಲಸ್ 100. ಕೂಡಿದರೆ ಸೊನ್ನೆ.

"ಹಾಗಾದ್ರೆ ನನ್ನ ಸುತ್ತೋಲೆ ತಲುಪುತ್ತೋ ಇಲ್ವೋ ರಾಯರೇ?"

"ಇನ್ಮೇಲೆ ಅದು ಸ್ವಂತ ಯೋಗ್ಯತೆ ಮೇಲೆ ನಿಲ್ಲಬೇಕು ಸಾರ್. ಸಬ್ಜೆಕ್ಟ್ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಬರೆಯೋದು ಬಿಟ್ರೆ, ಸ್ವಲ್ಪ ಅನುಕೂಲ."