ಲಾಡಿ ಹೊರಗಿರಲಿ

ನಮ್ಮ ಕಾಲದ ಹುಡುಗರಿಗೆ ಪೈಜಾಮದ ಲಾಡಿ ಹೊರಗೆ ಇಣುಕಿತೆಂದರೆ ಮಾನ ಹೋದಂತೆ. ಮದುವೆಮನೆಯಲ್ಲಿ ಹಿರಿಯರೊಬ್ಬರು ಹತ್ತಿರ ಬಂದು ಕಿವಿಯಲ್ಲಿ ಉಸುರುವರು. ನಾವು ಕಂಬದ ಮರೆಗೆ ಓಡುವೆವು. ಟೋಕಿಯೊದ ಹರಾಜುಕುವಿನಲ್ಲಿ ಅದೇ ಲಾಡಿಗೆ ರಾಜಮರ್ಯಾದೆ. ಜಾಗರ್ ಪ್ಯಾಂಟು ತೊಟ್ಟ ಹುಡುಗರು ಅದನ್ನು ಬೇಕೆಂದೇ ಅಂಗಿಯ ಕೆಳಗೆ ತೂಗಾಡಲು ಬಿಡುತ್ತಾರೆ. ಕೆಲವು ಲಾಡಿಗಳ ತುದಿಗೆ ಲೋಹದ ಟೊಪ್ಪಿಗೆ ಬೇರೆ. ಉಸುರಲು ಹತ್ತಿರ ಬರುವ ಹಿರಿಯರು ಯಾರೂ ಇಲ್ಲ. ನಾನಿದ್ದೆ, ನನಗೆ ಜಪಾನಿ ಬಾರದು.

ಮಗಳಿರುವುದು ನಿಶಿಕಸಾಯ್‌ನಲ್ಲಿ, ನಮ್ಮ ಸಾಫ್ಟ್‌ವೇರ್ ಮಂದಿ ಗುಂಪಾಗಿ ಬೀಡುಬಿಟ್ಟಿರುವ ಬಡಾವಣೆಯಲ್ಲಿ. "ಆ ಟೆರಿಕಾಟ್ ಪ್ಯಾಂಟು ಸಾಕು ಬಿಡಪ್ಪ, ಒಂದು ಜಾಗರ್ ಕೊಡಿಸ್ತೀನಿ" ಎಂದು ನನ್ನನ್ನು ಹರಾಜುಕುಗೆ ಎಳೆದೊಯ್ದಳು. ಟಕೆಶಿತಾ ಬೀದಿಯ ಜನಜಂಗುಳಿಯಲ್ಲಿ ಜಾಗಿಂಗ್ ಇರಲಿ, ನೆಟ್ಟಗೆ ನಡೆಯುವುದೂ ಕಷ್ಟ. ಹಿಂದಿನ ಗಲ್ಲಿಗಳು ವಾಸಿ. 1993ರಲ್ಲಿ ನಿಗೊ ಮತ್ತು ಜುನ್ ತಕಹಾಶಿ ಎಂಬ ಇಬ್ಬರು ತರುಣರು 'ನೋವೇರ್' ಅಂತ ಪುಟ್ಟ ಬಟ್ಟೆಯಂಗಡಿ ತೆರೆದದ್ದು ಅಲ್ಲೇ. ಸ್ವಲ್ಪವೇ ಮಾಲು ತಯಾರಿಸುವುದು, ಅದಕ್ಕೆ ಜನ ಸಾಲುಗಟ್ಟುವುದು: ಈ ವ್ಯಾಪಾರ ಹಿಡಿದದ್ದೇ ಹಾಗೆ. ಅದೇ ನಿಗೊ 2021ರಲ್ಲಿ ಪ್ಯಾರಿಸ್ಸಿನ ಕೆನ್ಜೊ ಎಂಬ ಫ್ಯಾಷನ್ ಸಂಸ್ಥೆಗೆ ಕಲಾ ನಿರ್ದೇಶಕನಾದ.

ಅಂಗಡಿಯ ಟ್ರಯಲ್ ರೂಮಿಗೆ ಹೋಗುವಾಗ ಚಪ್ಪಲಿ, ಬೂಟು ಹೊರಗೇ ಬಿಡಬೇಕು. ಈ ಒಂದು ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. ಸೈಜಿನದ್ದೇ ತಕರಾರು. ಊರಲ್ಲಿ ಎಂ ಆದವನು ಅಲ್ಲಿ ಎಲ್. ಹೊಟ್ಟೆಯನ್ನೂ ಲೆಕ್ಕಕ್ಕೆ ಹಿಡಿದರೆ ಎಕ್ಸ್‌ಎಲ್. ಆದರೆ ಜಪಾನಿಯರ ಹೊಲಿಗೆಯಲ್ಲಿ ಒಂದು ಔದಾರ್ಯವಿದೆ. ತೊಡೆಯ ಹತ್ತಿರ ಧಾರಾಳ, ಮಂಡಿ ಇಳಿದಂತೆ ಬಿಗಿ. ನಡುವೆ ಗಾಳಿಯಾಡುತ್ತದೆ, ದೇಹದ ಲೋಪದೋಷಗಳೂ ಅಲ್ಲೇ ಅಡಗುತ್ತವೆ.

ಇಂಥ ಪ್ಯಾಂಟನ್ನು ಕೊಳ್ಳುವಾಗ ನೋಡಬೇಕಾದದ್ದು ಸೊಂಟವನ್ನಲ್ಲ, ಕಣಕಾಲನ್ನು. ಸೊಂಟಕ್ಕೆ ಲಾಡಿಯಿದೆ, ಹೇಗೋ ಸಂಭಾಳಿಸುತ್ತದೆ. ಕಣಕಾಲಿನ ಪಟ್ಟಿಯನ್ನು ಎರಡು ಬೆರಳಲ್ಲಿ ಎಳೆದು ಬಿಡಬೇಕು. ತಟ್ಟನೆ ಮೊದಲಿನಂತಾದರೆ ಸರಿ, ಸೋಮಾರಿಯಂತೆ ನಿಧಾನಕ್ಕೆ ವಾಪಸು ಬಂದರೆ ಹತ್ತು ಸಲ ಒಗೆಯುವುದರೊಳಗೆ ಅದು ಬರಿಯ ಪೈಜಾಮ. ಆಮೇಲೆ ಬಟ್ಟೆಯ ಒಳಮೈ. ಉಣ್ಣೆಯಂತೆ ಉಜ್ಜಿದ್ದು ಚಳಿಗಾಲಕ್ಕೆ. ಸಣ್ಣ ಕುಣಿಕೆಗಳು ಕಾಣುವಂಥದ್ದು ನಮ್ಮ ಬೆಂಗಳೂರಿಗೂ ಆಗುತ್ತದೆ. ಜಪಾನಿನ ವಕಾಯಾಮದಲ್ಲಿ ತೂಗುಹಾಕಿದ ಹಳೇ ಯಂತ್ರಗಳಲ್ಲಿ ಇಂಥ ಬಟ್ಟೆಯನ್ನು ಇಂದಿಗೂ ಹೆಣೆಯುತ್ತಾರೆ, ಗಂಟೆಗೆ ಸುಮಾರು 1 ಮೀಟರು. ದರದ ಚೀಟಿ ತಿರುಗಿಸಿದಾಗ ಆ ಗಂಟೆಗಳೆಲ್ಲ ಒಟ್ಟಿಗೆ ಹೊಡೆದವು.

ತೊಡುವ ಪಾಠ ಮಗಳದ್ದು. ಇನ್‌ಶರ್ಟ್ ಕೂಡದು. ಬೆಲ್ಟಿಗೆ ಜಾಗವೇ ಇಲ್ಲ, ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸುವ ನನ್ನ ಸಂಪ್ರದಾಯ ಅಲ್ಲಿಗೆ ಮುಗಿಯಿತು. ಸಡಿಲ ಪ್ಯಾಂಟಿಗೆ ಸಡಿಲ ಅಂಗಿ, ಎರಡೂ ಕಪ್ಪಾದರೆ ಉತ್ತಮ, ಬೂದಿ ಬಣ್ಣವೂ ನಡೆಯುತ್ತದೆ. ಪ್ಯಾಂಟು ಕಣಕಾಲಲ್ಲೇ ನಿಲ್ಲುವುದರಿಂದ ಕಾಲುಚೀಲ ಸಾರ್ವಜನಿಕ ಆಸ್ತಿಯಾಗುತ್ತದೆ; ಹೆಬ್ಬೆರಳು ಇಣುಕದಿದ್ದರೆ ಸಾಲದು, ಎರಡೂ ಒಂದೇ ಜೊತೆಯವಾಗಿರಬೇಕು.

ಆದರೆ ನನ್ನ ಮನಸ್ಸು ಸೆಳೆದದ್ದು ಹರಾಜುಕುವಿನ ಹುಡುಗರಲ್ಲ, ಮಗಳ ಮನೆ ಪಕ್ಕದ ಕಟ್ಟಡಕ್ಕೆ ಸಾರುವೆ ಕಟ್ಟುತ್ತಿದ್ದ 'ತೊಬಿ' ಕೆಲಸಗಾರರು. ತೊಡೆಯಲ್ಲಿ ಬುರುಗಿನಂತೆ ಉಬ್ಬಿ ಮೀನಖಂಡದಲ್ಲಿ ಬಿಗಿದ ಪ್ಯಾಂಟು, ಕಾಲಿಗೆ ಹೆಬ್ಬೆರಳು ಬೇರೆ ಮಾಡಿದ ರಬ್ಬರ್ ಅಡಿಯ ಬೂಟು. ಕೊಳವೆಯಿಂದ ಕೊಳವೆಗೆ ಕಾಲು ಚಾಚಲು ಸಲೀಸು. ಚೂಪಾದದ್ದೇನಾದರೂ ಇದ್ದರೆ ಮೈಗಿಂತ ಮೊದಲು ಬಟ್ಟೆಗೇ ತಿಳಿಯುತ್ತದಂತೆ. ಸಿಕ್ಕಿಕೊಂಡೀತೆಂದು ಕೆಲವು ಕಂಪನಿಗಳು ಅದನ್ನೀಗ ಬೇಡವೆನ್ನುತ್ತವೆ. ಅವರ ನಡಿಗೆಯ ಠೀವಿ ಮಾತ್ರ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ.

ಕೊನೆಗೆ 'ವರ್ಕ್‌ಮನ್' ಎಂಬ ಕೆಲಸದ ಬಟ್ಟೆಯ ಅಂಗಡಿಗೆ ಹೋದೆವು. ಹರಾಜುಕುವಿನಲ್ಲಿ ಒಂದು ಕಾಲಿಗೆ ಆಗುತ್ತಿದ್ದ ದುಡ್ಡಿಗೆ ಅಲ್ಲಿ ಇಡೀ ಪ್ಯಾಂಟು ಬಂತು, ಜಿಪ್ಪಿನ ಜೇಬು ಸಮೇತ. ಸಂಜೆ ವಿಡಿಯೊ ಕಾಲಿನಲ್ಲಿ ಹೆಂಡತಿಗೆ ತಿರುಗಿ ತಿರುಗಿ ತೋರಿಸಿದೆ. ಆಕೆ ಬಣ್ಣವನ್ನೂ ಕೇಳಲಿಲ್ಲ, ಬೆಲೆಯನ್ನೂ ಕೇಳಲಿಲ್ಲ.

"ರೀ, ಇದಕ್ಕೆ ಇಸ್ತ್ರಿ ಬೇಕಾ?"

"ಬೇಡ್ವಂತೆ."

"ಹಾಗಾದ್ರೆ ಇನ್ನೆರಡು ತಗೊಂಡು ಬನ್ನಿ."